ಜಾರುವ ಗುಡ್ಡ ಮತ್ತು ಜನರಲ್ ಗೋಥಲ್ಸ್

ಮೊದಲ ಮಹಾಯುದ್ಧದ ಕಾಲದ ಅಮೆರಿಕನ್ ಜನರಲ್‌ಗಳೆಂದರೆ ಪರ್ಶಿಂಗ್ ಹೆಸರೇ ಮೊದಲು ಬರುತ್ತದೆ. ಜಾರ್ಜ್ ವಾಷಿಂಗ್ಟನ್ ಗೋಥಲ್ಸ್ ಮೇಜರ್ ಜನರಲ್ ಆದದ್ದು ಮಾತ್ರ ಪನಾಮಾ ಕಾಲುವೆಗೆ ಮಣ್ಣು ತೆಗೆಸಿ, ಕಾಂಕ್ರೀಟ್ ಹಾಕಿಸಿ. 1858ರಲ್ಲಿ ಬ್ರೂಕ್ಲಿನ್‌ನಲ್ಲಿ ಹುಟ್ಟಿದವರು. 1880ರಲ್ಲಿ ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿ ಮುಗಿಸಿ ಸೇನೆಯ ಎಂಜಿನಿಯರ್ ದಳಕ್ಕೆ ಬಂದರು. ಟೆನೆಸಿ ನದಿಯಲ್ಲಿ, ಅಲಬಾಮಾದ ರಿವರ್ಟನ್ ಹತ್ತಿರ, ದೋಣಿಗಳನ್ನು ಒಂದೇ ಸಲಕ್ಕೆ 26 ಅಡಿ ಎತ್ತುವ ಲಾಕ್ (ನೀರು ತುಂಬಿಸಿ ದೋಣಿಯನ್ನು ಮೇಲೇರಿಸುವ, ಗೇಟುಗಳಿರುವ ತೊಟ್ಟಿ) ಯೋಜಿಸಿದಾಗ ಮೇಲಧಿಕಾರಿಗಳೇ ಅನುಮಾನಪಟ್ಟಿದ್ದರು. ಪನಾಮಾದ ಗಟೂನ್‌ನಲ್ಲಿ ಮೂರು ಮೆಟ್ಟಿಲಲ್ಲಿ ಹಡಗನ್ನು 85 ಅಡಿ ಏರಿಸುವುದಕ್ಕೆ ಅದೇ ತಾಲೀಮು ಎನ್ನಬಹುದು.

1907ರ ಹೊತ್ತಿಗೆ ಪನಾಮಾದಲ್ಲಿ ವ್ಯಾಲೇಸ್, ಸ್ಟೀವನ್ಸ್ ಇಬ್ಬರೂ ಮುಖ್ಯ ಎಂಜಿನಿಯರ್ ಹುದ್ದೆಯನ್ನು ನಡುವೆಯೇ ಬಿಟ್ಟಿದ್ದರು. ರಾಜೀನಾಮೆ ಬಿಸಾಕಿ ಹೋಗಲಾಗದವನು ಬೇಕೆಂದು ಅಧ್ಯಕ್ಷ ಥಿಯೊಡರ್ ರೂಸ್‌ವೆಲ್ಟ್ ಸೇನೆಯವರಾದ ಗೋಥಲ್ಸ್ ಅವರನ್ನೇ ಹಿಡಿದರು. ಒಂದು ಮಾತು ಹೇಳಲೇಬೇಕು: ಅಗೆದ ಮಣ್ಣು ಸಾಗಿಸುವ ರೈಲು ವ್ಯವಸ್ಥೆ ಸ್ಟೀವನ್ಸ್ ಅವರದು. ಇಡೀ ಕಾಲುವೆಯನ್ನು ಗೋಥಲ್ಸ್ ಖಾತೆಗೆ ಬರೆಯುವವರು ಇದನ್ನು ಮರೆಯುತ್ತಾರೆ.

ಗೋಥಲ್ಸ್ ಅವರ ಸ್ವಂತ ಬುದ್ಧಿ ಕಾಣುವುದು 1908ರ ಮರುವಿಂಗಡಣೆಯಲ್ಲಿ. ಅದುವರೆಗೆ ಕೆಲಸದ ಬಗೆ ನೋಡಿ ವಿಭಾಗ ಮಾಡಿದ್ದರು. ತಡವಾದರೆ ಒಬ್ಬರು ಇನ್ನೊಬ್ಬರ ಕಡೆ ಬೆರಳು ತೋರಿಸಿದರೆ ಮುಗಿಯಿತು. ಗೋಥಲ್ಸ್ ಜಾಗದ ಪ್ರಕಾರ ಹಂಚಿದರು: ಅಟ್ಲಾಂಟಿಕ್ ಕಡೆ ಮೇಜರ್ ಸೈಬರ್ಟ್, ನಡುವೆ ಮೇಜರ್ ಗೇಲಾರ್ಡ್, ಪೆಸಿಫಿಕ್ ಕಡೆ ಸೇನೆಗೆ ಸೇರದ ವಿಲಿಯಮ್ಸನ್. ಎರಡು ತುದಿಯಲ್ಲೂ ಲಾಕ್ ಕಟ್ಟುವ ಕೆಲಸವೇ ಆದ್ದರಿಂದ ಒಂದು ಘನ ಗಜ ಕಾಂಕ್ರೀಟಿಗೆ ಎಲ್ಲಿ ಎಷ್ಟು ಖರ್ಚು ಬಿತ್ತು ಎಂದು ಹೋಲಿಸಬಹುದಿತ್ತು. ಯಾವ ಸ್ಟೀಮ್ ಷವೆಲ್ (ಉಗಿಯಿಂದ ನಡೆಯುವ ಅಗೆಯುವ ಯಂತ್ರ) ಎಷ್ಟು ಅಗೆಯಿತು ಎಂಬುದು ಕಾಲುವೆಯ ವಾರಪತ್ರಿಕೆಯಲ್ಲಿ ಅಚ್ಚಾಗುತ್ತಿತ್ತು. ಷವೆಲ್ ನಡೆಸುವವರು ಜಿದ್ದಿಗೆ ಬಿದ್ದರು.

ಲೆಕ್ಕಕ್ಕೆ ಸಿಗದೇ ಇದ್ದದ್ದು ಕುಲೆಬ್ರಾ ಕಟ್, ಅಂದರೆ ಕಾಲುವೆಗಾಗಿ ಬೆಟ್ಟವನ್ನು ಸೀಳಿ ಅಗೆದ ದಾರಿ, ಸುಮಾರು ಒಂಬತ್ತು ಮೈಲಿ. 1907ರ ಅಕ್ಟೋಬರಿನಲ್ಲಿ ಕುಕರಾಚಾ ಗುಡ್ಡ ದಿನಕ್ಕೆ 14 ಅಡಿಯಂತೆ ಹತ್ತು ದಿನ ಹರಿದು, ಸುಮಾರು 5 ಲಕ್ಷ ಘನ ಗಜ ಮಣ್ಣನ್ನು ಹಳಿಗಳ ಮೇಲೆ ತಂದು ಹಾಕಿತು. ಅದು ಜೇಡಿಯ ಜಾರು: ಮಳೆನೀರು ಇಳಿದು, ಇಳಿಜಾರು ಬಂಡೆಯ ಮೇಲಿನ ಮಣ್ಣು ಬೆಣ್ಣೆಯಂತೆ ಜಾರುತ್ತದೆ. ಇನ್ನೊಂದು ಬಗೆ ಇದಕ್ಕಿಂತ ಕೆಟ್ಟದ್ದು. ಅಗೆದು ಆಳವಾದಂತೆ ದಂಡೆಯ ಭಾರಕ್ಕೆ ಅಡಿಯ ಮೆತ್ತನೆಯ ಕಲ್ಲು ತಡೆಯದೆ, ಕಾಲುವೆಯ ತಳವೇ ಉಬ್ಬಿ ಮೇಲೇಳುತ್ತದೆ. ಹಳಿಯೂ ಅದರ ಜೊತೆ ಏಳುತ್ತದೆ, ಮೇಲೆ ದಂಡೆಯಿಂದ ದೂರದಲ್ಲಿ ನೆಲ ಬಿರುಕು ಬಿಡುತ್ತದೆ. ಇಂಥಲ್ಲಿ ಬುಡದಲ್ಲಷ್ಟೇ ಅಗೆದರೆ ಇನ್ನಷ್ಟು ಕುಸಿಯುತ್ತದೆ. ಮೇಲಿನ ಭಾರ ಇಳಿಸಿ, ಇಳಿಜಾರನ್ನು ಸಪಾಟು ಮಾಡುತ್ತ ಹೋಗುವುದೇ ಮದ್ದು. ಹಾಗಾಗಿ ತೆಗೆಯಬೇಕಾದ ಮಣ್ಣಿನ ಅಂದಾಜು ವರ್ಷ ವರ್ಷ ಬೆಳೆಯಿತು. 1908ರಲ್ಲಿ ತಳದ ಅಗಲವನ್ನು 200 ಅಡಿಯಿಂದ 300ಕ್ಕೆ ಏರಿಸಿದ್ದೂ ಅದಕ್ಕೆ ಸೇರಿತು.

1913ರ ಆರಂಭದಲ್ಲಿ ಕುಕರಾಚಾ ಮತ್ತೆ ಕುಸಿದು ಕಾಲುವೆಗೆ ಅಡ್ಡ ಬಿತ್ತು. ಗೋಥಲ್ಸ್ ಕೊನೆಗೆ ಹಿಡಿದ ದಾರಿ ಸರಳ: ಅಕ್ಟೋಬರ್ 10ರಂದು ಅಗೆತಕ್ಕೆ ನೀರು ನುಗ್ಗದಂತೆ ತಡೆದಿದ್ದ ಗಂಬೋವಾ ಒಡ್ಡು ಸಿಡಿಸಿ ನೀರು ಬಿಟ್ಟು, ಉಳಿದ ಕುಸಿತವನ್ನು ಡ್ರೆಜರ್‌ಗಳಿಂದ (ನೀರಿನಡಿಯ ಮಣ್ಣು ತೆಗೆಯುವ ತೇಲುವ ಯಂತ್ರಗಳಿಂದ) ತೆಗೆಸಿದರು. 1914ರ ಆಗಸ್ಟ್ 15ರಂದು ಕಾಲುವೆ ತೆರೆಯಿತು. ಗುಡ್ಡ ಸುಮ್ಮನಾಗಲಿಲ್ಲ, 1915ರ ಸೆಪ್ಟೆಂಬರಿನ ಕುಸಿತಕ್ಕೆ ಕಾಲುವೆ ಏಳು ತಿಂಗಳು ಮುಚ್ಚಿತ್ತು.

ಭಾನುವಾರ ಬೆಳಗ್ಗೆ ಯಾವ ಕೂಲಿಯಾದರೂ ನೇರ ಗೋಥಲ್ಸ್ ಬಳಿ ಬಂದು ದೂರು ಹೇಳಬಹುದಿತ್ತು, ತೀರ್ಪು ಅಲ್ಲೇ. ಒಬ್ಬರೇ ಅಧಿಕಾರಿ, ಒಬ್ಬರೇ ನ್ಯಾಯಾಧೀಶ: ಅಂಥ ಅಧಿಕಾರ ಪನಾಮಾದಲ್ಲಿ ನಡೆಯಿತು, ವಾಷಿಂಗ್ಟನ್ನಿನಲ್ಲಿ ನಡೆಯಲಿಲ್ಲ. 1915ರಲ್ಲಿ ಕರ್ನಲ್ ದರ್ಜೆಯಿಂದ ನೇರ ಮೇಜರ್ ಜನರಲ್ ಆಗಿ, ಮರುವರ್ಷ ನಿವೃತ್ತರಾಗಿದ್ದ ಅವರಿಗೆ 1917ರಲ್ಲಿ ಹಡಗು ಕಟ್ಟಿಸುವ ಹೊಣೆ ಬಂತು. ಮರದ ಹಡಗೋ ಉಕ್ಕಿನದೋ ಎಂದು ಸರ್ಕಾರದ ಹಡಗು ಮಂಡಳಿಯ ಅಧ್ಯಕ್ಷ ಡೆನ್ಮನ್ ಜೊತೆ ಜಟಾಪಟಿಯಾಗಿ ಜುಲೈನಲ್ಲಿ ಇಬ್ಬರೂ ಹೊರಬಿದ್ದರು. ಡಿಸೆಂಬರಿನಲ್ಲಿ ಸೇನೆ ಮತ್ತೆ ಕರೆದು ಸರಬರಾಜು ಒಪ್ಪಿಸಿತು. ಸೇನೆಯ ಒಂದೊಂದು ಇಲಾಖೆಯೂ ಪ್ರತ್ಯೇಕವಾಗಿ ಖರೀದಿಗಿಳಿದು, ಒಂದೇ ಸಾಮಾನಿಗೆ ತಮ್ಮ ತಮ್ಮಲ್ಲೇ ಪೈಪೋಟಿ ನಡೆಸುತ್ತಿದ್ದವು. ಖರೀದಿ, ದಾಸ್ತಾನು, ಸಾಗಣೆ ಮೂರನ್ನೂ 1918ರಲ್ಲಿ ಒಂದೇ ವಿಭಾಗಕ್ಕೆ ತಂದು ಅದರ ಮೇಲೆ ಗೋಥಲ್ಸ್ ಅವರನ್ನು ಕೂರಿಸಿದರು. ಯುದ್ಧ ಮುಗಿದ ಮೇಲೆ, 1919ರಲ್ಲಿ, ಎರಡನೇ ಸಲ ನಿವೃತ್ತರಾದರು.