ಸ್ವಿಟ್ಜರ್ಲೆಂಡ್‌ಗೆ ಮಕ್ಕಳು, ಅಜ್ಜಿ ತಾತನ ಜೊತೆ ಹೋಗ್ತಿದ್ದೀರಾ? ರೈಲು ಪಾಸ್ ಕೊಳ್ಳುವ ಮುಂಚೆ ಇದನ್ನು ಓದಿ

ಸ್ವಿಟ್ಜರ್ಲೆಂಡ್ ಪ್ರವಾಸಕ್ಕೆ ವೀಸಾ, ವಿಮಾನ, ಹೋಟೆಲ್ ಎಲ್ಲ ಮುಗಿಸಿದವರು ಕೊನೆಗೆ ಸಿಕ್ಕಿಹಾಕಿಕೊಳ್ಳುವುದು ರೈಲು ಪಾಸಿನ ಹತ್ತಿರ. ಇಷ್ಟು ದಿನ ಅಂತ ರೈಲು, ಬಸ್, ದೋಣಿ ಎಲ್ಲದರಲ್ಲೂ ಓಡಾಡಲು ಸ್ವಿಸ್ ಟ್ರಾವೆಲ್ ಪಾಸ್, ಅದರಲ್ಲೇ ಫ್ಲೆಕ್ಸ್ ಅಂತ ಇನ್ನೊಂದು, ಟಿಕೆಟ್ ಅರ್ಧ ಬೆಲೆಗೆ ಕೊಡಿಸುವ ಹಾಫ್ ಫೇರ್ ಕಾರ್ಡ್, ಸೇವರ್ ಡೇ ಪಾಸ್, ಫ್ಯಾಮಿಲಿ ಕಾರ್ಡ್, ಸಾಲದು ಅಂತ ಒಂದೊಂದು ಪ್ರದೇಶಕ್ಕೂ ಅದರದ್ದೇ ಪಾಸ್. ನಾವು 2024ರ ಮೇ ಕೊನೆಯಲ್ಲಿ ಹೋಗಿದ್ದೆವು. ನಾನು, ನನ್ನ ಹೆಂಡತಿ, ಒಂಬತ್ತು ವರ್ಷದ ಮಗಳು, ನಾಲ್ಕು ವರ್ಷದ ಮಗ, ಜೊತೆಗೆ ನನ್ನ ಅಪ್ಪ ಅಮ್ಮ. ಹೀಗೆ ಮೂರು ತಲೆಮಾರು ಒಟ್ಟಿಗೆ ಹೊರಡುವ ಮನೆಗಳು ನಮ್ಮಲ್ಲಿ ತುಂಬಾ ಇವೆ. ಆದರೆ ಪಾಸ್ ಬಗ್ಗೆ ಸಿಗುವ ಸಲಹೆಯೆಲ್ಲ ಗಂಡ ಹೆಂಡತಿ ಇಬ್ಬರೇ ಹೋಗುವ ಲೆಕ್ಕದಲ್ಲಿರುತ್ತದೆ. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ. ಇಲ್ಲಿರುವ ದರಗಳೆಲ್ಲ 2024ರವು, ಎರಡನೇ ದರ್ಜೆಯವು. ದರ ಬದಲಾಗುತ್ತಾ ಇರುತ್ತದೆ, ನೀವು ಹೋಗುವ ವರ್ಷದ್ದನ್ನು ಹಾಕಿಕೊಂಡು ಇದೇ ಲೆಕ್ಕ ಮಾಡಿ.

ನನ್ನ ಸಲಹೆ ಮೊದಲೇ ಹೇಳಿಬಿಡುತ್ತೇನೆ. ಮನೆಯವರಿಗೆಲ್ಲ ಕಣ್ಣು ಮುಚ್ಚಿ ಒಂದೇ ಪಾಸ್ ಕೊಳ್ಳಬೇಡಿ. ಒಂದು ಹಾಳೆ ತಗೊಂಡು ಯಾವ ದಿನ ಯಾರು ಎಲ್ಲಿಗೆ ಹೋಗುತ್ತಾರೆ ಅಂತ ಒಬ್ಬೊಬ್ಬರ ಹೆಸರಿನ ಮುಂದೆ ಬರೆಯಿರಿ. ನಮಗೆ ಟಿಕೆಟ್ ಮಾಡಿಕೊಡಲು ಬಂದಿದ್ದ ಏಜೆಂಟ್ ಒಬ್ಬರು ದೊಡ್ಡವರು ನಾಲ್ಕೂ ಜನಕ್ಕೆ ಎಂಟು ದಿನದ ಟ್ರಾವೆಲ್ ಪಾಸ್ ಹಾಕಿ ಕೊಟ್ಟಿದ್ದರು. ಎಂಟು ದಿನದ್ದು ಒಬ್ಬರಿಗೆ 419 ಫ್ರಾಂಕ್, ಆಗಿನ ಲೆಕ್ಕದಲ್ಲಿ ಸುಮಾರು 40 ಸಾವಿರ ರೂಪಾಯಿ. ನಾಲ್ಕು ಜನಕ್ಕೆ ಒಂದೂವರೆ ಲಕ್ಷ ದಾಟಿತು. ಎಪ್ಪತ್ತರ ಹತ್ತಿರ ಇರುವ ಅಪ್ಪ ಅಮ್ಮ ದಿನಾ ರೈಲು ಹತ್ತಿ ಇಳಿಯುವವರಲ್ಲ ಅಂತ ಮನೆಯವರಿಗೆ ಗೊತ್ತಿರುತ್ತದೆ, ಏಜೆಂಟ್‌ಗೆ ಹೇಗೆ ಗೊತ್ತಾಗಬೇಕು ಅಲ್ವಾ. ಹಿರಿಯ ನಾಗರಿಕರಿಗೆ ಅಂತ ಈ ಪಾಸ್‌ನಲ್ಲಿ ರಿಯಾಯಿತಿಯೂ ಇಲ್ಲ. 25 ವರ್ಷದ ಒಳಗಿನ ಯುವಕರಿಗೆ ಶೇಕಡಾ 30 ಕಡಿಮೆ ಇದೆ, ಹಿರಿಯರಿಗೆ ಪೂರ್ತಿ ದರವೇ.

ಮೊದಲು ಮಕ್ಕಳ ವಿಷಯ ನೋಡಿ, ಏಕೆಂದರೆ ಅದು ಸುಲಭ. ಆರು ವರ್ಷದ ಒಳಗಿನ ಮಕ್ಕಳು ದೊಡ್ಡವರ ಜೊತೆ ಇದ್ದರೆ ಟಿಕೆಟ್ಟೇ ಬೇಡ. ಆರು ತುಂಬಿ ಹದಿನಾರು ತುಂಬದ ಮಕ್ಕಳಿಗೆ ಸ್ವಿಸ್ ಫ್ಯಾಮಿಲಿ ಕಾರ್ಡ್ ಇದೆ. ಅಪ್ಪ ಅಥವಾ ಅಮ್ಮ ಯಾರಾದರೂ ಒಬ್ಬರು ಜೊತೆಗಿದ್ದರೆ ಮಕ್ಕಳು ರೈಲು, ಬಸ್, ದೋಣಿ ಎಲ್ಲದರಲ್ಲೂ ಉಚಿತ. ಮೇಲೆ ಬೆಟ್ಟಕ್ಕೆ ಹೋಗುವ ಹೆಚ್ಚಿನ ರೈಲು, ರೋಪ್‌ವೇಗಳಲ್ಲೂ ಇದು ನಡೆಯುತ್ತದೆ. ಕಾರ್ಡಿಗೆ ದುಡ್ಡಿಲ್ಲ. ಆದರೆ ತಾನಾಗೇ ಬರುವುದೂ ಇಲ್ಲ, ನಿಮ್ಮ ಪಾಸ್ ಕೊಳ್ಳುವಾಗಲೇ ಮಕ್ಕಳ ಹೆಸರು, ಹುಟ್ಟಿದ ದಿನಾಂಕ ಕೊಟ್ಟು ಸೇರಿಸಿಕೊಳ್ಳಬೇಕು. ಬುಕ್ ಮಾಡುವ ಪುಟದಲ್ಲಿ ಮಕ್ಕಳನ್ನು ಸೇರಿಸಿ ಅಂತ ಕೇಳುವ ಜಾಗವನ್ನು ದಾಟಿ ಹೋಗಬೇಡಿ. ಹೆಸರು ಪಾಸ್‌ಪೋರ್ಟ್‌ನಲ್ಲಿ ಇರುವ ಹಾಗೇ ಇರಲಿ, ಮನೆಯಲ್ಲಿ ಕರೆಯುವ ಹೆಸರು, ಇನಿಷಿಯಲ್ ಅಂತೆಲ್ಲ ಬೇಡ.

ಇನ್ನೊಂದು ಮಾತು ತುಂಬಾ ಜನರಿಗೆ ಗೊತ್ತಿಲ್ಲ. ಫ್ಯಾಮಿಲಿ ಕಾರ್ಡ್ ಟ್ರಾವೆಲ್ ಪಾಸ್ ಜೊತೆ ಮಾತ್ರ ಸಿಗುತ್ತದೆ ಅಂದುಕೊಂಡು, ಮಕ್ಕಳ ಸಲುವಾಗಿ ಅಂತಲೇ ದುಬಾರಿ ಪಾಸ್ ತಗೊಳ್ಳುವವರಿದ್ದಾರೆ. ಹಾಗೇನಿಲ್ಲ. ಅಪ್ಪ ಅಮ್ಮ ಹಾಫ್ ಫೇರ್ ಕಾರ್ಡ್ ತಗೊಂಡರೂ ಮಕ್ಕಳಿಗೆ ಫ್ಯಾಮಿಲಿ ಕಾರ್ಡ್ ಉಚಿತವಾಗಿ ಸಿಗುತ್ತದೆ. ಅಂದರೆ ಮಕ್ಕಳ ಖರ್ಚನ್ನು ಲೆಕ್ಕದಿಂದ ತೆಗೆದೇ ಬಿಡಿ, ದೊಡ್ಡವರದ್ದನ್ನು ಮಾತ್ರ ನೋಡಿ.

ಈಗ ನಮ್ಮಂಥ ಮನೆಯವರು ಎಚ್ಚರ ವಹಿಸಬೇಕಾದ ಜಾಗ. ಫ್ಯಾಮಿಲಿ ಕಾರ್ಡ್ ಕೆಲಸ ಮಾಡುವುದು ತಂದೆ ಅಥವಾ ತಾಯಿ ಜೊತೆಯಲ್ಲಿ ಇದ್ದಾಗ ಮಾತ್ರ. ಅಜ್ಜಿ, ತಾತ, ಚಿಕ್ಕಪ್ಪ, ಅತ್ತೆ, ಸೋದರಮಾವ ಯಾರೂ ಲೆಕ್ಕಕ್ಕೆ ಬರುವುದಿಲ್ಲ. ನೀವಿಬ್ಬರೂ ಬೆಟ್ಟಕ್ಕೆ ಹೋಗಿ ಮಗಳನ್ನು ತಾತನ ಜೊತೆ ದೋಣಿಯಲ್ಲಿ ಕಳಿಸಿದರೆ, ಆ ದೋಣಿಗೆ ಮಗಳಿಗೆ ಬೇರೆ ಅರ್ಧ ಟಿಕೆಟ್ ಬೇಕು. ತಂಗಿಯ ಮಗ ನಿಮ್ಮ ಜೊತೆ ಬರುತ್ತಿದ್ದಾನೆ, ತಂಗಿ ಬೆಂಗಳೂರಲ್ಲೇ ಇದ್ದಾಳೆ ಅಂದರೆ ಅವನಿಗೂ ಈ ಕಾರ್ಡ್ ಇಲ್ಲ. ಅಂಥ ಮಕ್ಕಳಿಗೆ ಅರ್ಧ ಬೆಲೆಯಲ್ಲಿ ಟ್ರಾವೆಲ್ ಪಾಸ್ ಸಿಗುತ್ತದೆ, ಅದನ್ನು ಮೊದಲೇ ಬಜೆಟ್‌ನಲ್ಲಿ ಸೇರಿಸಿ. ಆ ದೇಶದ ರೈಲು ನಿಲ್ದಾಣಗಳಲ್ಲಿ ಗೇಟ್ ಇರುವುದಿಲ್ಲ, ಸುಮ್ನೆ ಹೋಗಿ ಹತ್ತಬಹುದು. ಆದರೆ ಒಳಗೆ ತಪಾಸಣೆಗೆ ಬಂದೇ ಬರುತ್ತಾರೆ, ಟಿಕೆಟ್ ಇಲ್ಲದಿದ್ದರೆ ನೂರು ಫ್ರಾಂಕ್ ಆಸುಪಾಸು ದಂಡ ಬೀಳುತ್ತದೆ. ವಯಸ್ಸಾದವರನ್ನು ಆ ಪರಿಸ್ಥಿತಿಗೆ ತಳ್ಳಬೇಡಿ.

ಇನ್ನು ದೊಡ್ಡವರ ಲೆಕ್ಕ. ಟ್ರಾವೆಲ್ ಪಾಸ್ ಮೂರು ದಿನಕ್ಕೆ 244, ನಾಲ್ಕಕ್ಕೆ 295, ಆರಕ್ಕೆ 379, ಎಂಟಕ್ಕೆ 419, ಹದಿನೈದಕ್ಕೆ 459 ಫ್ರಾಂಕ್ ಇತ್ತು. ದಿನ ಜಾಸ್ತಿ ಆದಷ್ಟೂ ದಿನದ ಬೆಲೆ ಇಳಿಯುತ್ತಾ ಹೋಗುತ್ತದೆ ನೋಡಿ, ಮೂರು ದಿನದ್ದರಲ್ಲಿ ದಿನಕ್ಕೆ 81, ಎಂಟು ದಿನದ್ದರಲ್ಲಿ 52. ಇದರಲ್ಲಿ ರೈಲು, ಬಸ್, ಕೆರೆಗಳ ದೋಣಿ, ನಗರದ ಟ್ರಾಮ್ ಎಲ್ಲ ಬಂತು, 500ಕ್ಕೂ ಹೆಚ್ಚು ಮ್ಯೂಸಿಯಂ ಬಂತು, ರಿಗಿ, ಸ್ಟಾನ್ಸರ್‌ಹಾರ್ನ್, ಸ್ಟೂಸ್ ಬೆಟ್ಟಗಳು ಪೂರ್ತಿ ಉಚಿತ. ಹಾಫ್ ಫೇರ್ ಕಾರ್ಡ್ ಆಗ 120 ಫ್ರಾಂಕ್ ಇತ್ತು, ಒಂದು ತಿಂಗಳು ನಡೆಯುತ್ತದೆ, ಅದಿದ್ದರೆ ಬಹುತೇಕ ಎಲ್ಲ ಟಿಕೆಟ್ ಅರ್ಧ ಬೆಲೆಗೆ. ಎಂಟು ದಿನದ ಪಾಸಿಗೂ ಈ ಕಾರ್ಡಿಗೂ ವ್ಯತ್ಯಾಸ 299 ಫ್ರಾಂಕ್. ಹಾಗಾಗಿ ಒಬ್ಬರ ಓಡಾಟದ ಪೂರ್ತಿ ದರ ಕೂಡಿದಾಗ 598 ದಾಟಿದರೆ ಟ್ರಾವೆಲ್ ಪಾಸ್ ಲಾಭ, ದಾಟದಿದ್ದರೆ ಹಾಫ್ ಫೇರ್ ಲಾಭ. ಪೂರ್ತಿ ದರ ತಿಳಿಯಲು ಸ್ವಿಸ್ ರೈಲ್ವೆಯ ಎಸ್‌ಬಿಬಿ ಮೊಬೈಲ್ ಆಪ್ ಸಾಕು, ಎಲ್ಲಿಂದ ಎಲ್ಲಿಗೆ ಅಂತ ಹಾಕಿದರೆ ಬರುತ್ತದೆ. ಎರಡು ಗಂಟೆ ಕೂತರೆ ಇಡೀ ಪ್ರವಾಸದ ಲೆಕ್ಕ ಸಿಗುತ್ತದೆ, ಇಷ್ಟು ದುಡ್ಡಿನ ವಿಷಯಕ್ಕೆ ಎರಡು ಗಂಟೆ ಏನೂ ಅಲ್ಲ.

ನಾವು ಮೊದಲು ಲುಸರ್ನ್, ಆಮೇಲೆ ಇಂಟರ್‌ಲಾಕನ್ ಪಕ್ಕದ ವಿಲ್ಡರ್ಸ್‌ವಿಲ್‌ನಲ್ಲಿ ಇದ್ದೆವು. ಅಪ್ಪ ಅಮ್ಮನ ಓಡಾಟ ಬರೆದಾಗ ಬಂದದ್ದು ಇಷ್ಟು: ಜ್ಯೂರಿಕ್ ವಿಮಾನ ನಿಲ್ದಾಣದಿಂದ ಲುಸರ್ನ್, ಅಲ್ಲಿಂದ ಇಂಟರ್‌ಲಾಕನ್, ಕೊನೆಗೆ ವಾಪಸ್ ವಿಮಾನ ನಿಲ್ದಾಣ. ಈ ಮೂರೂ ಅರ್ಧ ದರದಲ್ಲಿ 80 ಫ್ರಾಂಕ್ ಒಳಗೆ. ಜೊತೆಗೆ ಒಂದು ದಿನ ರಿಗಿ ಬೆಟ್ಟ. ಕಾರ್ಡಿನ ಬೆಲೆ, ರಿಗಿಗೆ ಹೋಗುವ ದೋಣಿ ಎಲ್ಲ ಸೇರಿಸಿದರೂ ಒಬ್ಬರಿಗೆ 300 ಫ್ರಾಂಕ್ ದಾಟಲಿಲ್ಲ. ಉಳಿದ ದಿನ ಅವರು ಊರೊಳಗೇ ನಡೆದಾಡಿ, ಕೆರೆ ದಂಡೆಯಲ್ಲಿ ಕೂತು ಆರಾಮಾಗಿದ್ದರು. ನನಗೂ ಹೆಂಡತಿಗೂ ಎಂಟು ದಿನದ ಪಾಸ್ ತಗೊಂಡೆವು, ಏಕೆಂದರೆ ಇಂಟರ್‌ಲಾಕನ್‌ನಿಂದ ಮೊಂಟ್ರೋ ಪಕ್ಕದ ಶಿಯೋನ್ ಕೋಟೆಗೆ ಹೋಗಿ ಬರುವ ಒಂದೇ ದಿನದ ಪೂರ್ತಿ ದರ 100 ಫ್ರಾಂಕ್ ಮೀರುತ್ತದೆ, ಕೋಟೆಯ ಪ್ರವೇಶವೂ ಪಾಸಿನಲ್ಲೇ ಬರುತ್ತದೆ. ಬರ್ನ್, ಬ್ರಿಯೆಂಜ್ ಕೆರೆ, ಲಾಟರ್‌ಬ್ರುನನ್ ಅಂತ ಮಕ್ಕಳ ಜೊತೆ ತಿರುಗಿದ್ದೇ ತಿರುಗಿದ್ದು.

ಪಾಸಿನ ನಿಜವಾದ ಬೆಲೆ ಗೊತ್ತಾಗುವುದು ಚಿಕ್ಕ ಮಕ್ಕಳಿದ್ದಾಗ, ಇದನ್ನು ಫ್ರಾಂಕ್‌ನಲ್ಲಿ ಬರೆಯಲು ಆಗುವುದಿಲ್ಲ. ಮಗನಿಗೆ ದೋಣಿ ನೋಡಿದರೆ ಹತ್ತಲೇಬೇಕು, ಅರ್ಧ ದಾರಿಯಲ್ಲಿ ಹಸಿವಾದರೆ ಇಳಿಯಲೇಬೇಕು. ಪಾಸ್ ಇದ್ದರೆ ಎಲ್ಲಿ ಬೇಕಾದರೂ ಇಳಿದು, ಊಟ ಮಾಡಿಸಿ, ಮುಂದಿನ ದೋಣಿಯನ್ನೋ ರೈಲನ್ನೋ ಹಿಡಿಯಬಹುದು. ಬೆಳಿಗ್ಗೆ ಎದ್ದಾಗ ಮಳೆ ಇದ್ದರೆ ಬೆಟ್ಟ ಬಿಟ್ಟು ಬರ್ನ್‌ಗೆ ಹೋಗಬಹುದು. ಆ ಸ್ವಾತಂತ್ರ್ಯಕ್ಕೆ ಐವತ್ತು ಫ್ರಾಂಕ್ ಹೆಚ್ಚು ಕೊಟ್ಟರೂ ತಪ್ಪಿಲ್ಲ ಅಂತಲೇ ನನ್ನ ಅಭಿಪ್ರಾಯ. 598ರ ಲೆಕ್ಕದಲ್ಲಿ ಅಂಚಿನಲ್ಲಿ ನಿಂತಿದ್ದರೆ, ಪುಟ್ಟ ಮಕ್ಕಳಿರುವ ಅಪ್ಪ ಅಮ್ಮ ಟ್ರಾವೆಲ್ ಪಾಸ್ ಕಡೆಗೇ ವಾಲಿ.

ಹಿಮದ ಬೆಟ್ಟಗಳ ನಡುವೆ ರೈಲಿನಲ್ಲಿ ಹೋಗುವ ಯುಂಗ್‌ಫ್ರಾಯೋಖ್‌ಗೆ ಮಾತ್ರ ಲೆಕ್ಕ ತಿರುಗುತ್ತದೆ. ಟ್ರಾವೆಲ್ ಪಾಸ್‌ನಲ್ಲಿ ಗ್ರಿಂಡೆಲ್ವಾಲ್ಡ್ ಅಥವಾ ವೆಂಗೆನ್ ತನಕ ಉಚಿತ, ಅಲ್ಲಿಂದ ಮೇಲಕ್ಕೆ ಬರೀ ಶೇಕಡಾ 25 ರಿಯಾಯಿತಿ. ಹಾಫ್ ಫೇರ್ ಕಾರ್ಡ್‌ಗೆ ಅರ್ಧ. ಜೂನ್‌ನಿಂದ ಆಗಸ್ಟ್‌ನಲ್ಲಿ ಆ ಮೇಲಿನ ಭಾಗದ ಪೂರ್ತಿ ದರವೇ 200 ಫ್ರಾಂಕ್ ದಾಟುವುದರಿಂದ ಒಬ್ಬರಿಗೆ ಐವತ್ತು ಫ್ರಾಂಕ್‌ನಷ್ಟು ವ್ಯತ್ಯಾಸ ಬೀಳುತ್ತದೆ. ಪಿಲಾಟಸ್, ಟಿಟ್ಲಿಸ್, ಗೊರ್ನರ್‌ಗ್ರಾಟ್ ಬೆಟ್ಟಗಳಲ್ಲಿ ಈ ತೊಂದರೆ ಇಲ್ಲ, ಪಾಸ್, ಕಾರ್ಡ್ ಎರಡರಲ್ಲೂ ಅರ್ಧ ದರವೇ. ಸೀಟು ಕಾಯ್ದಿರಿಸಲು ಯುಂಗ್‌ಫ್ರಾಯೋಖ್‌ನಲ್ಲಿ ಬೇರೆ ದುಡ್ಡು, ಜನಜಂಗುಳಿಯ ತಿಂಗಳಲ್ಲಿ ಮಕ್ಕಳಿದ್ದರೆ ಕಾಯ್ದಿರಿಸುವುದೇ ಒಳ್ಳೆಯದು. ಅದು 3,454 ಮೀಟರ್ ಎತ್ತರ. ಬಿಪಿ, ಹೃದಯದ ತೊಂದರೆ ಇರುವ ಹಿರಿಯರು ಡಾಕ್ಟರನ್ನು ಕೇಳದೆ ಹೊರಡಬಾರದು. ನಾವು ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಲಿಲ್ಲ. ಮಕ್ಕಳನ್ನು ಮೇಲೆ ಓಡಲು ಬಿಡಲಿಲ್ಲ, ನೀರು ಕುಡಿಸುತ್ತಾ ನಿಧಾನವಾಗಿ ನಡೆಸಿದೆವು. ಟಿಕೆಟ್ ತೆಗೆಯುವ ಮುಂಚೆ ಬೆಟ್ಟದ ಮೇಲಿನ ಕ್ಯಾಮೆರಾ ಚಿತ್ರ ನೋಡಿ, ಮೋಡ ತುಂಬಿದ್ದರೆ ಅಷ್ಟು ದುಡ್ಡು ಕೊಟ್ಟು ಬಿಳಿ ಗೋಡೆ ನೋಡಿ ಬರುತ್ತೀರಿ.

ಒಂದೇ ಬೆಟ್ಟ ಸಾಕು ಅನ್ನುವವರಿಗೆ ರಿಗಿಯನ್ನೇ ಹೇಳುತ್ತೇನೆ. ಲುಸರ್ನ್‌ನಿಂದ ದೋಣಿಯಲ್ಲಿ ಸುಮಾರು ಒಂದು ಗಂಟೆ, ವಿಟ್ಸ್‌ನೌ ಅನ್ನುವ ಊರಲ್ಲಿ ಇಳಿದರೆ ಎದುರಿಗೇ ಹಲ್ಲಿರುವ ಹಳಿ ಹಿಡಿದು ಬೆಟ್ಟ ಹತ್ತುವ ಕೆಂಪು ರೈಲು. 1871ರಲ್ಲಿ ಶುರುವಾದ ಈ ದಾರಿ ಯುರೋಪಿನ ಮೊದಲ ಬೆಟ್ಟದ ರೈಲು. ಇಳಿಯುವಾಗ ಇನ್ನೊಂದು ಕಡೆ ವೆಗ್ಗಿಸ್‌ಗೆ ರೋಪ್‌ವೇಯಲ್ಲಿ ಬಂದು ಮತ್ತೆ ದೋಣಿ ಹಿಡಿಯಬಹುದು. ದೋಣಿ, ರೈಲು, ರೋಪ್‌ವೇ ಮೂರೂ ಒಂದೇ ದಿನದಲ್ಲಿ, ಮಕ್ಕಳಿಗೆ ಇನ್ನೇನು ಬೇಕು. 1,800 ಮೀಟರ್‌ಗಿಂತ ಕಡಿಮೆ ಎತ್ತರ, ಆದ್ದರಿಂದ ಅಜ್ಜಿ ತಾತನಿಗೂ ಉಸಿರಿನ ಚಿಂತೆ ಕಡಿಮೆ. ನಮ್ಮ ಆರೂ ಜನ ಜೊತೆಯಾಗಿ ಅತಿ ಹೆಚ್ಚು ಖುಷಿಪಟ್ಟ ದಿನ ಅದೇ. ಏಪ್ರಿಲ್, ನವೆಂಬರ್ ಆಸುಪಾಸಿನಲ್ಲಿ ಹೋಗುವವರು ಮಾತ್ರ ಯಾವ ರೋಪ್‌ವೇ ರಿಪೇರಿಗೆ ಮುಚ್ಚಿದೆ ಅಂತ ನೋಡಿಕೊಳ್ಳಿ.

ಸೇವರ್ ಡೇ ಪಾಸ್ ಬಗ್ಗೆ. ಇದು ಒಂದು ದಿನದ ಪಾಸ್, ಆರು ತಿಂಗಳ ಮುಂಚೆ ಮಾರಾಟ ಶುರು, ಬೇಗ ತಗೊಂಡವರಿಗೆ ಆಗ 52 ಫ್ರಾಂಕ್‌ನಿಂದ, ಹಾಫ್ ಫೇರ್ ಇದ್ದವರಿಗೆ 29ರಿಂದ ಇತ್ತು. ದಿನ ಹತ್ತಿರ ಬಂದಂತೆ ಏರುತ್ತದೆ. ಹಾಫ್ ಫೇರ್ ಇಟ್ಟುಕೊಂಡು ದೂರ ಹೋಗುವ ಒಂದೆರಡು ದಿನಕ್ಕೆ ಮಾತ್ರ ಇದನ್ನು ಸೇರಿಸಿದರೆ ತುಂಬಾ ಅಗ್ಗ. ಆದರೆ ದಿನಾಂಕ ಬದಲಿಸಲು ಆಗುವುದಿಲ್ಲ, ದುಡ್ಡೂ ವಾಪಸ್ ಬರುವುದಿಲ್ಲ. ಮಗುವಿಗೆ ಜ್ವರ ಬಂದರೆ ಹೋಯಿತು. ದೊಡ್ಡ ಮಕ್ಕಳಿರುವವರಿಗೆ, ಊರು ಬದಲಿಸುವ ದಿನಕ್ಕೆ ಸರಿ. ಸುತ್ತಾಟದ ದಿನಕ್ಕೆ ನಾನು ಹೇಳುವುದಿಲ್ಲ.

ಪಾಸಿನ ದಿನ ಅಂದರೆ ಕ್ಯಾಲೆಂಡರ್ ದಿನ, 24 ಗಂಟೆ ಅಲ್ಲ. ಸಂಜೆ ಜ್ಯೂರಿಕ್‌ಗೆ ಇಳಿದು ಅಲ್ಲೇ ಮಲಗುವವರು ಆ ದಿನವನ್ನು ಪಾಸಿಗೆ ಸೇರಿಸಬೇಡಿ. ವಿಮಾನ ನಿಲ್ದಾಣದಿಂದ ನಗರಕ್ಕೆ ಏಳು ಫ್ರಾಂಕ್ ಆಸುಪಾಸಿನ ಟಿಕೆಟ್ ಸಾಕು, ಪಾಸ್ ಮರುದಿನದಿಂದ ಶುರು ಮಾಡಿ. ಮಧ್ಯೆ ಮಧ್ಯೆ ವಿಶ್ರಾಂತಿ ದಿನ ಇಟ್ಟುಕೊಂಡವರಿಗೆ ಫ್ಲೆಕ್ಸ್ ಪಾಸ್ ಇದೆ, ಒಂದು ತಿಂಗಳೊಳಗೆ ಬೇಕಾದ ದಿನ ಆರಿಸಬಹುದು, ಬೆಲೆ ಸ್ವಲ್ಪ ಜಾಸ್ತಿ. ಆ ದಿನವನ್ನು ರೈಲು ಹತ್ತುವ ಮುಂಚೆ ಆನ್‌ಲೈನ್‌ನಲ್ಲಿ ಸಕ್ರಿಯ ಮಾಡಬೇಕು, ಹತ್ತಿದ ಮೇಲಲ್ಲ.

ಹೋಟೆಲ್‌ನಲ್ಲಿ ಗೆಸ್ಟ್ ಕಾರ್ಡ್ ಕೇಳಿ. ಇಂಟರ್‌ಲಾಕನ್ ಸುತ್ತಮುತ್ತ ಉಳಿದವರಿಗೆ ಅಲ್ಲಿನ ಸ್ಥಳೀಯ ಬಸ್ಸು, ಹತ್ತಿರದ ರೈಲು ಉಚಿತ. ಬಾಸೆಲ್, ಜಿನೀವಾಗಳಲ್ಲೂ ಹೋಟೆಲ್ ಅತಿಥಿಗಳಿಗೆ ಇಂಥ ಕಾರ್ಡ್ ಕೊಡುತ್ತಾರೆ. ಅಪ್ಪ ಅಮ್ಮ ವಿಲ್ಡರ್ಸ್‌ವಿಲ್‌ನಿಂದ ಇಂಟರ್‌ಲಾಕನ್‌ಗೆ ದಿನಾ ಹೋಗಿ ಬಂದದ್ದೆಲ್ಲ ಇದರಲ್ಲೇ.

ರೈಲಿನ ಒಳಗಿನ ಒಂದು ಒಳ್ಳೆಯ ಸುದ್ದಿ: ಕೆಲವು ಎರಡು ಅಂತಸ್ತಿನ ಇಂಟರ್‌ಸಿಟಿ ರೈಲುಗಳಲ್ಲಿ ಮಕ್ಕಳಿಗಂತಲೇ ಬೋಗಿ ಇದೆ, ಮೇಲಿನ ಅಂತಸ್ತಿನಲ್ಲಿ ಜಾರುಬಂಡೆ ಸಮೇತ ಆಟದ ಜಾಗ. ಅದಕ್ಕೆ ಬೇರೆ ದುಡ್ಡಿಲ್ಲ. ಆಪ್‌ನಲ್ಲಿ ಎಫ್‌ಎ ಅಂತ ಗುರುತಿರುವ ರೈಲು ಹುಡುಕಿ. ಮೊದಲ ದರ್ಜೆಗೆ ದುಡ್ಡು ಸುರಿಯುವ ಅಗತ್ಯ ಕಾಣಲಿಲ್ಲ, ಎರಡನೇ ದರ್ಜೆಯೇ ಚೊಕ್ಕವಾಗಿದೆ. ಲುಸರ್ನ್‌ನಿಂದ ಇಂಟರ್‌ಲಾಕನ್‌ಗೆ ಹೋಗುವ ಬ್ರೂನಿಗ್ ಘಾಟಿಯ ರೈಲಿಗೆ ಸೀಟು ಕಾಯ್ದಿರಿಸಲೇಬೇಕು ಅಂತಿಲ್ಲ, ಎರಡು ಗಂಟೆಯ ಆ ದಾರಿಯಲ್ಲಿ ಕೆರೆಗಳ ಮೇಲೆ ಕೆರೆ. ಗ್ಲೇಸಿಯರ್ ಎಕ್ಸ್‌ಪ್ರೆಸ್, ಬರ್ನಿನಾ ಎಕ್ಸ್‌ಪ್ರೆಸ್ ಅನ್ನುವ ಪ್ರವಾಸಿ ರೈಲುಗಳಿಗೆ ಮಾತ್ರ ಪಾಸ್ ಇದ್ದರೂ ಸೀಟಿನ ದುಡ್ಡು ಕಟ್ಟಲೇಬೇಕು. ಬರ್ನಿನಾದ ಅದೇ ಹಳಿಯ ಮೇಲೆ ಸಾಮಾನ್ಯ ರೈಲುಗಳೂ ಓಡುತ್ತವೆ, ಅವಕ್ಕೆ ಕಾಯ್ದಿರಿಸುವುದು ಬೇಡ, ಕೆಲವು ಬೋಗಿಗಳಲ್ಲಿ ಕಿಟಕಿ ತೆರೆಯಲೂ ಬರುತ್ತದೆ.

ಪಾಸ್ ಪಿಡಿಎಫ್ ಆಗಿ ಬರುತ್ತದೆ. ಎಲ್ಲರದ್ದೂ ಒಂದೇ ಫೋನಿನಲ್ಲಿ ಇಡಬೇಡಿ. ಬೇರೆಯಾಗಿ ಓಡಾಡುವ ಅಜ್ಜಿ ತಾತನ ಕಾರ್ಡನ್ನು ಕಾಗದದಲ್ಲಿ ಮುದ್ರಿಸಿ ಅವರ ಪಾಸ್‌ಪೋರ್ಟ್ ಜೊತೆಗೇ ಕೊಡಿ, ತಪಾಸಣೆಯವರು ಎರಡನ್ನೂ ಕೇಳುತ್ತಾರೆ. ಮಕ್ಕಳ ಫ್ಯಾಮಿಲಿ ಕಾರ್ಡ್ ಮಾತ್ರ ಅಪ್ಪ ಅಮ್ಮ ಇಬ್ಬರ ಫೋನಿನಲ್ಲೂ ಇರಲಿ, ಒಂದು ಮಗು ಒಬ್ಬರ ಜೊತೆ, ಇನ್ನೊಂದು ಇನ್ನೊಬ್ಬರ ಜೊತೆ ಹೋಗುವ ದಿನ ಬಂದೇ ಬರುತ್ತದೆ.