ತೆಂಗಿನಕಾಯಿಯ ಪೆಟ್ಟು

“ದಂಡ ಬಿತ್ತಲ್ಲ ಹೆಗಡೇರೇ, ಅದರದ್ದೇ ಪೆಟ್ಟು ಇದು” ಎಂದು ಶಿರಸಿಯ ನಮ್ಮ ವಿಮಾ ಏಜೆಂಟರು ಸೋಮವಾರ ಹೇಳಿದ ಮಾತು ವಾರವಿಡೀ ಕಿವಿಯಲ್ಲೇ ಕುಳಿತಿದೆ. ಕಾರಿನ ವಿಮೆಯ ಪ್ರೀಮಿಯಂ ಕಳೆದ ವರ್ಷಕ್ಕಿಂತ ಎರಡು ಸಾವಿರಕ್ಕೂ ಮಿಕ್ಕಿ ಏರಿತ್ತು. ಅಂಕೋಲೆಯ ಬಳಿ ಹೆದ್ದಾರಿ 66ರಲ್ಲಿ ವೇಗ ಮೀರಿದ್ದಕ್ಕೆ 1,000, ಕುಮಟೆಯಲ್ಲಿ ಸೀಟ್ ಬೆಲ್ಟ್ ಹಾಕದ್ದಕ್ಕೆ 500 ರೂಪಾಯಿ ದಂಡ ಕಟ್ಟಿದ್ದು ನಿಜವಾದ್ದರಿಂದ, ತಪ್ಪಿತಸ್ಥನಂತೆ ತಲೆಯಾಡಿಸಿ ಬಂದೆ. ಅಮೆರಿಕದಲ್ಲಿರುವ ಅಕ್ಕನ ಮಗನೂ ಫೋನಿನಲ್ಲಿ ಅದನ್ನೇ ಹೇಳಿದ. ಅಲ್ಲಿ ವೇಗದ ದಂಡ ಚಾಲಕನ ದಾಖಲೆಗೆ ಸೇರುತ್ತದೆ, ಕಂಪನಿಗಳು ಸಾಮಾನ್ಯವಾಗಿ ಹಿಂದಿನ ಮೂರು ವರ್ಷಗಳನ್ನಾದರೂ ನೋಡಿ ದರ ಕಟ್ಟುತ್ತವೆ. ಅವನ ಮಾತು ಅವನ ಊರಿಗೆ ಸರಿ.

ರಾತ್ರಿ ಎರಡೂ ವರ್ಷಗಳ ಪಾಲಿಸಿಗಳನ್ನು ಪಕ್ಕಪಕ್ಕ ಇಟ್ಟು ಓದಿದೆ. ಸರಕಾರವೇ ನಿಗದಿಪಡಿಸುವ, ನಮ್ಮ ಕಾರಿನಿಂದ ಇತರರಿಗಾಗುವ ಹಾನಿಗೆಂದು ಕಟ್ಟುವ ಥರ್ಡ್ ಪಾರ್ಟಿ ಪ್ರೀಮಿಯಂ ಎರಡರಲ್ಲೂ 3,416 ರೂಪಾಯಿಯೇ. ವ್ಯತ್ಯಾಸವಿದ್ದದ್ದು ನಮ್ಮ ವಾಹನದ ಹಾನಿಗೆಂದು ಕಟ್ಟುವ ಭಾಗದಲ್ಲಿ: ಕಳೆದ ವರ್ಷ 35 ಶೇಕಡಾ ಇದ್ದ ನೋ ಕ್ಲೇಮ್ ಬೋನಸ್, ಅಂದರೆ ಪರಿಹಾರ ಕೇಳದ ವರ್ಷಗಳಿಗೆ ಸಿಗುವ ರಿಯಾಯಿತಿ, ಈ ವರ್ಷ ಸೊನ್ನೆಯಾಗಿತ್ತು. ಕುಮಟೆಯ ಅತ್ತೆಯ ಅಂಗಳದಲ್ಲಿ ಬಾನೆಟ್ಟಿನ ಮೇಲೆ ತೆಂಗಿನಕಾಯಿ ಬಿದ್ದಾಗ, ನಾವೇ ಹೊರಬೇಕಾದ ಕಡ್ಡಾಯ ಕಡಿತದ 1,000 ರೂಪಾಯಿ ಕಳೆದು ಕೈಗೆ ಬಂದ ಮೂರು ಸಾವಿರದ ಬೆಲೆ ಅದು. ಕ್ಲೇಮ್ ಮಾಡದಿದ್ದರೆ ಈ ಸಲ 45 ಶೇಕಡಾ ಸಿಗುತ್ತಿತ್ತು, ಆ ಭಾಗದ ಆರು ಸಾವಿರದಲ್ಲಿ 2,700 ಉಳಿಯುತ್ತಿತ್ತು. ಈಗ ಮುಂದಿನ ವರ್ಷ ಮತ್ತೆ 20 ಶೇಕಡಾದಿಂದ ಮೆಟ್ಟಿಲು ಹತ್ತಬೇಕು. ದಂಡದ ಸುದ್ದಿ ಪಾಲಿಸಿಯಲ್ಲಿ ಎಲ್ಲಿಯೂ ಇರಲಿಲ್ಲ.

“ಅದರದ್ದೇ ಪೆಟ್ಟು ಇದು” ಎಂದವರೇ ಅಂದು ಕ್ಲೇಮ್ ಅರ್ಜಿಯನ್ನು ಒತ್ತಾಯದಿಂದ ತುಂಬಿಸಿದವರು ಎಂಬುದು ಆಗ ನೆನಪಾಯಿತು. ಅವರು ಕೆಟ್ಟವರಲ್ಲ, ದೇವಿಮನೆ ಘಟ್ಟದಲ್ಲಿ ನಡುರಾತ್ರಿ ಕಾರು ಕೈಕೊಟ್ಟಾಗ ಬಂದು ನಿಂತವರು. ಆದರೆ ತಾವು ಮಾರುವ ಕಾಗದವನ್ನು ಅವರು ಎಂದೂ ಓದಿದಂತಿಲ್ಲ. ಮರುದಿನ ಹೋಗಿ ತೋರಿಸಿದರೆ, “ಒಟ್ಟಿನಲ್ಲಿ ಏರಿತಲ್ಲ” ಎಂದು ಚಹಾ ತರಿಸಿದರು.

ದಂಡಕ್ಕೂ ವಿಮೆಗೂ ಗಂಟು ಹಾಕುವ ಯೋಚನೆ ನಮ್ಮಲ್ಲಿಯೂ ಬಾರದೆ ಇಲ್ಲ. 2021ರ ಜನವರಿಯಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರದ ಕಾರ್ಯತಂಡವೊಂದು, ಕುಡಿದು ಓಡಿಸಿದರೆ 100 ಅಂಕ, ತಪ್ಪು ಜಾಗದಲ್ಲಿ ನಿಲ್ಲಿಸಿದರೆ 10 ಅಂಕ ಎಂದು ಲೆಕ್ಕಹಾಕಿ ಹೆಚ್ಚುವರಿ ಪ್ರೀಮಿಯಂ ವಸೂಲಿ ಮಾಡುವ, ಅದನ್ನು ಮೊದಲು ದೆಹಲಿಯಲ್ಲಿ ಪರೀಕ್ಷಿಸುವ ಸಲಹೆ ಕೊಟ್ಟಿತ್ತು. ನನ್ನ ಪಾಲಿಸಿಯವರೆಗೆ ಅದು ಬಂದಿಲ್ಲ. ಕುಡಿದು ಅಥವಾ ಲೈಸೆನ್ಸ್ ಇಲ್ಲದೆ ಓಡಿಸಿ ಅಪಘಾತವಾದರೆ ಕಂಪನಿ ಕ್ಲೇಮನ್ನು ತಳ್ಳಿಹಾಕಬಹುದು, ಅದು ಬೇರೆ ಮಾತು. ಉಳಿದಂತೆ, ಐದು ವರ್ಷ ಬೆಲ್ಟನ್ನೇ ಮುಟ್ಟದೆ ಘಟ್ಟ ಇಳಿದವನಿಗೂ ಕ್ಲೇಮ್ ಇಲ್ಲದಿದ್ದರೆ 50 ಶೇಕಡಾ ರಿಯಾಯಿತಿ; ಮರದಡಿ ಕಾರು ನಿಲ್ಲಿಸಿ ಊಟಕ್ಕೆ ಕುಳಿತ ನನಗೆ ಸೊನ್ನೆ. ನನ್ನ ಚಾಲನೆಗಿಂತ ಅತ್ತೆಯ ತೆಂಗಿನಮರದ ನಡತೆಗೇ ಇಲ್ಲಿ ಹೆಚ್ಚು ಬೆಲೆ ಎಂಬುದು ನನ್ನನ್ನು ಇನ್ನೂ ಕಾಡುತ್ತಿದೆ.

ನಿನ್ನೆ ಅತ್ತೆ ಫೋನ್ ಮಾಡಿ, ಕಾಯಿ ಕೊಯ್ಯಿಸಿಯಾಯಿತು, ಇನ್ನು ಕಾರು ಅಂಗಳದಲ್ಲೇ ನಿಲ್ಲಿಸಬಹುದು ಎಂದರು. ಬೇಡ, ರಸ್ತೆಯಂಚಿನಲ್ಲೇ ನಿಲ್ಲಿಸುತ್ತೇನೆ ಎಂದೆ. ಅಲ್ಲಿ ವಾಹನ ನಿಲುಗಡೆ ನಿಷೇಧದ ಫಲಕವಿದೆ.