ಬಿರ್ಗುವಿನಲ್ಲಿ ಮೂರು ರಾತ್ರಿ: ಮಾಲ್ಟಾಗೆ ಹೊರಟವರಿಗೆ ಒಂದಿಷ್ಟು ಮಾತು

ಮಾಲ್ಟಾಗೆ ಹೋಗುವವರು ಸಾಮಾನ್ಯವಾಗಿ ರಾಜಧಾನಿ ವಲೆಟ್ಟಾದಲ್ಲೋ ಸ್ಲಿಯೆಮಾದಲ್ಲೋ ರೂಮು ಹಿಡಿದು, ಬಂದರಿನ ಆಚೆ ದಡದ ಬಿರ್ಗುವನ್ನು ಒಂದು ಮಧ್ಯಾಹ್ನದಲ್ಲಿ ಮುಗಿಸಿಬಿಡುತ್ತಾರೆ. ನಾವು ಇದನ್ನು ತಿರುವುಮುರುವು ಮಾಡಿದೆವು. ಬಿರ್ಗುವಿನಲ್ಲೇ ಮೂರು ರಾತ್ರಿ ಉಳಿದು, ವಲೆಟ್ಟಾಗೆ ದೋಣಿಯಲ್ಲಿ ಹೋಗಿ ಬಂದೆವು. ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ: ಬಿರ್ಗುವಿನಲ್ಲಿ ಮಲಗಿ, ಬಿರ್ಗುವಿನಲ್ಲಿ ಏಳಿ. ಸಂಜೆ ಪ್ರವಾಸಿಗರ ಗುಂಪುಗಳು ಹೊರಟುಹೋದ ಮೇಲೆ ಆ ಊರು ಊರಿನವರದ್ದಾಗುತ್ತದೆ. ಅಲ್ಲಿರುವುದೇ ಎರಡೂವರೆ ಸಾವಿರದಷ್ಟು ಜನ. ಚೌಕದಲ್ಲಿ ಹಿರಿಯರು ಕುಳಿತು ಹರಟುತ್ತಾರೆ, ಮಕ್ಕಳು ಚರ್ಚಿನ ಗೋಡೆಗೆ ಚೆಂಡು ಒದೆಯುತ್ತಾರೆ, ಗೋಡೆಗಳೆಲ್ಲ ಬಣ್ಣ ಬದಲಿಸುತ್ತವೆ. ಇಡೀ ಊರು ಒಂದೇ ಬಗೆಯ ಹಳದಿ ಸುಣ್ಣಕಲ್ಲಿನದು. ಮೊದಲ ಸಂಜೆ ಅಮ್ಮ ಒಂದು ಗೋಡೆಯ ಮೇಲೆ ಕೈಯಿಟ್ಟು, "ಕಲ್ಲಲ್ಲ ಕಣೇ, ಬೆಲ್ಲದ ಅಚ್ಚು ಇದ್ದ ಹಾಗಿದೆ" ಅಂದರು. ಅದಕ್ಕಿಂತ ಸರಿಯಾದ ವರ್ಣನೆ ನನಗೆ ಇನ್ನೂ ಸಿಕ್ಕಿಲ್ಲ.

ಊರು ನೋಡುವ ಮೊದಲು ಹೆಸರುಗಳ ಗೊಂದಲ ಬಗೆಹರಿಸಿಕೊಳ್ಳಿ. ವಲೆಟ್ಟಾದ ಎದುರು ದಡದಲ್ಲಿ ಮೂರು ಕೋಟೆ ಊರುಗಳು ಒತ್ತೊತ್ತಾಗಿವೆ. ನಕ್ಷೆಗಳಲ್ಲಿ ಅವು ವಿತ್ತೋರಿಯೋಸಾ, ಸೆಂಗ್ಲಿಯಾ, ಕಾಸ್ಪಿಕುವಾ. ಬಸ್ಸಿನ ಬೋರ್ಡಿನಲ್ಲಿ, ಜನರ ಬಾಯಲ್ಲಿ ಬಿರ್ಗು, ಇಸ್ಲಾ, ಬೋರ್ಮ್ಲಾ. ಇದು ಗೊತ್ತಿಲ್ಲದೆ ನಾವು ಮೊದಲ ದಿನವೇ ಸರಿಯಾದ ಬಸ್ಸನ್ನು ಕಣ್ಣೆದುರೇ ಬಿಟ್ಟುಬಿಟ್ಟೆವು. ವಲೆಟ್ಟಾ ಬಸ್ ನಿಲ್ದಾಣದಿಂದ ಬಿರ್ಗುವಿಗೆ 2ನೇ ನಂಬರಿನ ಬಸ್ಸು.

ಆದರೆ ಮೊದಲ ಸಲ ಬಸ್ಸಿನಲ್ಲಿ ಹೋಗಬೇಡಿ, ನೀರಿನ ಮೇಲೆ ಹೋಗಿ. ಲಗೇಜು ರೂಮಿಗೆ ಸೇರಿಸಿ ಬಂದ ಮೇಲಾದರೂ ಸರಿ, ವಲೆಟ್ಟಾದ ಅಪ್ಪರ್ ಬರಾಕ್ಕಾ ತೋಟಕ್ಕೆ ಒಮ್ಮೆ ಹೋಗಿ ಕಟಾಂಜನದ ಬಳಿ ಹತ್ತು ನಿಮಿಷ ನಿಲ್ಲಿ. ಅಲ್ಲಿಂದ ಇಡೀ ಬಂದರು ಅಂಗೈಯಲ್ಲಿ ಇಟ್ಟಂತೆ ಕಾಣುತ್ತದೆ. ಬೆರಳುಗಳ ಹಾಗೆ ನೀರಿಗೆ ಚಾಚಿಕೊಂಡ ನೆಲ, ಒಂದು ಬೆರಳಿನ ತುದಿಯಲ್ಲಿ ಸೇಂಟ್ ಆಂಜೆಲೊ ಕೋಟೆ, ಅದರ ಬೆನ್ನಿಗೆ ಬಿರ್ಗು, ಪಕ್ಕದ ಬೆರಳಿನಲ್ಲಿ ಸೆಂಗ್ಲಿಯಾ, ನಡುವೆ ಕಿರಿದಾದ ಕೊಲ್ಲಿ. ಮಧ್ಯಾಹ್ನ 12ಕ್ಕೆ ಕೆಳಗಿನ ಮಟ್ಟದಲ್ಲಿ ಫಿರಂಗಿ ಹಾರಿಸುತ್ತಾರೆ, ಆ ಹೊತ್ತಿಗೆ ಹೋದರೆ ಅದೂ ಆಯಿತು. ತೋಟದ ಮೂಲೆಯಿಂದಲೇ 58 ಮೀಟರ್ ಕೆಳಗಿಳಿಯುವ ಲಿಫ್ಟ್ ಇದೆ, ಮಂಡಿನೋವಿನ ಹಿರಿಯರಿಗೆ ಅದು ದೊಡ್ಡ ಉಪಕಾರ. ಕೆಳಗೆ ರಸ್ತೆ ದಾಟಿದರೆ ಫೆರ್ರಿ ಇದೆ, ಸ್ವಲ್ಪ ಮುಂದೆ ನಡೆದರೆ ಧೈಸಾ ಎನ್ನುವ ಸಣ್ಣ ದೋಣಿಗಳಿವೆ. ಫೆರ್ರಿ ಬೋರ್ಮ್ಲಾ ಕಡೆಗೆ ಹೋಗುತ್ತದೆ. ಧೈಸಾ ಬಿರ್ಗುವಿಗೇ ಬಿಡುತ್ತದೆ, ನಮಗೆ ತಲೆಗೆ ಎರಡು-ಮೂರು ಯೂರೋ ಆಯಿತು. ಎರಡೂ ತುದಿ ಮೇಲಕ್ಕೆ ಎದ್ದ, ಕೆಂಪು ಹಸಿರು ಬಣ್ಣ ಬಳಿದ ಮರದ ದೋಣಿ. ಹಿಂದೆ ನಿಂತು ಹುಟ್ಟು ಹಾಕುತ್ತಿದ್ದರಂತೆ, ಈಗ ಸಣ್ಣ ಮೋಟಾರಿದೆ. ಹತ್ತುವಾಗ ಅಂಚಿಗೆ ಕಾಲಿಡದೆ ನೇರ ನಡುವಿಗೆ ಇಡಿ. ದೋಣಿಯವರು ಅಮ್ಮನ ಎರಡೂ ಕೈ ಹಿಡಿದು, ಕೂರುವವರೆಗೂ ಬಿಡಲಿಲ್ಲ.

ಗಾಳಿ ಜೋರಾದರೆ ದೋಣಿ, ಫೆರ್ರಿ ಎರಡೂ ನಿಲ್ಲುತ್ತವೆ. ಈಶಾನ್ಯದಿಂದ ಬೀಸುವ ಗಾಳಿಗೆ ಅಲ್ಲಿಯವರು ಗ್ರಿಗಾಲ್ ಎನ್ನುತ್ತಾರೆ. ಅದು ಬಂದರಿನ ಬಾಯಿಂದ ನೇರ ಒಳಗೆ ನುಗ್ಗುತ್ತದೆ. ನಮಗೆ ಒಂದು ಬೆಳಿಗ್ಗೆ ಹಾಗಾಯಿತು. ವಲೆಟ್ಟಾದಲ್ಲಿ ಹೊತ್ತು ಗೊತ್ತುಮಾಡಿದ ಟಿಕೆಟ್ ಇದ್ದರೆ ಬಸ್ಸಿಗಾಗಿ ಮುಕ್ಕಾಲು ಗಂಟೆ ಕೈಯಲ್ಲಿಟ್ಟುಕೊಂಡು ಹೊರಡಿ.

ಈಗ ಆ ಊರು ಯಾಕೆ ಅಷ್ಟು ಮುಖ್ಯ ಅನ್ನುವುದು. ರೋಡ್ಸ್ ದ್ವೀಪವನ್ನು 1522ರಲ್ಲಿ ಆಟೊಮನ್ ತುರ್ಕರಿಗೆ ಕಳೆದುಕೊಂಡ, ಸಂತ ಜಾನರ ಪಂಥ ಎಂಬ ಕ್ರೈಸ್ತ ಪಂಥದ ಯೋಧರು 1530ರಲ್ಲಿ ಮಾಲ್ಟಾಗೆ ಬಂದರು. ಚಕ್ರವರ್ತಿ ಐದನೇ ಚಾರ್ಲ್ಸ್ ದ್ವೀಪವನ್ನು ಕೊಟ್ಟದ್ದು ವರ್ಷಕ್ಕೆ ಒಂದು ಡೇಗೆ ಹಕ್ಕಿಯ ಕಾಣಿಕೆಗೆ. ಆಗ ವಲೆಟ್ಟಾ ಇರಲೇ ಇಲ್ಲ, ಬೋಳು ಗುಡ್ಡ. ಯೋಧರು ನೆಲೆಸಿದ್ದು ಬಿರ್ಗುವಿನಲ್ಲಿ. 1565ರ ಮೇ ತಿಂಗಳಲ್ಲಿ ಆಟೊಮನ್ ನೌಕಾಪಡೆ ಬಂದು ಸೆಪ್ಟೆಂಬರ್ 8ರವರೆಗೆ ಮುತ್ತಿಗೆ ಹಾಕಿತು. ಬಂದರಿನ ಬಾಯಲ್ಲಿದ್ದ ಸೇಂಟ್ ಎಲ್ಮೊ ಕೋಟೆ ಸುಮಾರು ಒಂದು ತಿಂಗಳು ತಡೆದು ಜೂನ್ 23ರಂದು ಬಿತ್ತು. ಬಿರ್ಗು, ಸೆಂಗ್ಲಿಯಾ ಬೀಳಲಿಲ್ಲ. ವಿತ್ತೋರಿಯೋಸಾ, ಅಂದರೆ ವಿಜಯದ ಊರು, ಎಂಬ ಹೆಸರು ಆಗ ಬಂದದ್ದು. ಮುಂದಿನ ವರ್ಷ ಮಾರ್ಚ್ 28ರಂದು ಎದುರಿನ ಗುಡ್ಡದ ಮೇಲೆ ಹೊಸ ನಗರಕ್ಕೆ ಅಡಿಗಲ್ಲು ಹಾಕಿ, ಪಂಥದ ಮುಖ್ಯಸ್ಥ ಜಾನ್ ದ ವಲೆಟ್‌ನ ಹೆಸರಿಟ್ಟರು.

ಇದನ್ನು ಓದಿಕೊಂಡು ಹೋಗುವುದು ಬೇರೆ, ಸೇಂಟ್ ಆಂಜೆಲೊ ಕೋಟೆಯ ಬುಡದಲ್ಲಿ ನಿಲ್ಲುವುದು ಬೇರೆ. ಕೋಟೆಯ ಕೆಳಗೆ, ನೀರಿನ ಮಟ್ಟದಲ್ಲೇ, ದ ಗಿರಾಲ್ ಫಿರಂಗಿ ನೆಲೆ ಇದೆ. 1565ರ ಆ ಮುತ್ತಿಗೆಯಲ್ಲಿ, ಜುಲೈ 15ರಂದು, ಆಟೊಮನ್ನರ ಹತ್ತು ದೊಡ್ಡ ದೋಣಿಗಳು ಸೈನಿಕರನ್ನು ತುಂಬಿಕೊಂಡು ಸೆಂಗ್ಲಿಯಾದ ತುದಿಗೆ ಇಳಿಯಲು ಬಂದವು. ಈ ತಗ್ಗಿನ ಫಿರಂಗಿಗಳು ಅವರ ಕಣ್ಣಿಗೆ ಬಿದ್ದಿರಲಿಲ್ಲ. ಹತ್ತರಲ್ಲಿ ಒಂಬತ್ತು ಮುಳುಗಿದವು. ನಾನು ಅಲ್ಲಿ ನಿಂತು ಎದುರು ದಡ ನೋಡಿದಾಗ, ಅಲ್ಲಿ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಹೆಂಗಸಿನ ಕೈಯ ಚಲನೆ ಕೂಡ ಕಾಣುತ್ತಿತ್ತು. ಅಷ್ಟು ಹತ್ತಿರ. ಈ ಎರಡು ತುದಿಗಳ ನಡುವೆಯೇ ಅಂದು ಕಬ್ಬಿಣದ ಸರಪಳಿ ಎಳೆದು ಕೊಲ್ಲಿಯನ್ನು ಮುಚ್ಚಿದ್ದರು. ಮುಳುಗಿದವರಿಗೂ, ಗುಂಡು ಹಾರಿಸಿದವರಿಗೂ ಪರಸ್ಪರರ ಮುಖ ಕಂಡಿರಬೇಕು ಎಂದು ಅನಿಸಿ ನನಗೆ ತುಸು ಹೊತ್ತು ಮಾತೇ ಹೊರಡಲಿಲ್ಲ. ಕೋಟೆಗೆ ಕನಿಷ್ಠ ಎರಡೂವರೆ ಗಂಟೆ ಕೊಡಿ. ಅದರ ಮೇಲ್ಭಾಗವನ್ನು ಅದೇ ಪಂಥಕ್ಕೆ 99 ವರ್ಷಗಳ ಒಪ್ಪಂದದಲ್ಲಿ ಕೊಟ್ಟಿರುವುದರಿಂದ ಅಷ್ಟೂ ಕಡೆ ಹೋಗಲು ಬಿಡುವುದಿಲ್ಲ. ಒಳಗೆ ಏರು ದಾರಿ, ನೆರಳು ಕಡಿಮೆ. ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಹೋಗುವುದು ಒಳ್ಳೆಯದು.

ಕೋಟೆ ಟಿಕೆಟ್ಟನ್ನು ಬಿಡಿಯಾಗಿ ಕೊಳ್ಳುವ ಮೊದಲು ಅಲ್ಲಿನ ಸ್ಮಾರಕಗಳನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಹೆರಿಟೇಜ್ ಮಾಲ್ಟಾದ ಪಾಸಿನ ಬೆಲೆ ಲೆಕ್ಕ ಹಾಕಿ. ಬಿರ್ಗುವಿನ ಇನ್‌ಕ್ವಿಸಿಟರ್ ಅರಮನೆಯೂ ಅವರದ್ದೇ. ಧರ್ಮದ್ರೋಹದ ವಿಚಾರಣೆ ನಡೆಸುತ್ತಿದ್ದ ಈ ಮನೆ 1574ರಿಂದ 1798ರವರೆಗೆ ಕೆಲಸ ಮಾಡಿತು, ಇಲ್ಲಿದ್ದ ಅಧಿಕಾರಿಗಳಲ್ಲಿ ಇಬ್ಬರು ಮುಂದೆ ಪೋಪ್ ಆದರು. ಮೇಲಿನ ಚಿತ್ರ ಬರೆದ ಕೋಣೆಗಳನ್ನು ಬೇಗ ದಾಟಿ ಕೆಳಗಿನ ಸೆರೆಮನೆಗೆ ಹೋಗಿ. ಮೆತ್ತನೆಯ ಕಲ್ಲಿನ ಗೋಡೆಗಳಲ್ಲಿ ಕೈದಿಗಳು ಕೊರೆದ ಗುರುತುಗಳಿವೆ. ಒಂದರ ಮುಂದೆ ಬಗ್ಗಿ ನೋಡಿದರೆ ಗೆರೆಯ ಒಳಗೆ ಉಗುರು ಆಡಿಸಬಹುದಾದಷ್ಟು ಆಳ.

ಸಂತ ಲಾರೆನ್ಸ್ ಚರ್ಚಿನ ಪಕ್ಕದ ಪುಟ್ಟ ಪ್ರಾರ್ಥನಾ ಮಂದಿರದಲ್ಲಿ ವಲೆಟ್‌ನ ಕತ್ತಿ, ಟೋಪಿ ಇಟ್ಟಿದ್ದಾರೆ. ನಾವು ಎರಡು ಸಲ ಹೋದಾಗಲೂ ಬೀಗ ಹಾಕಿತ್ತು. ತೆರೆಯುವ ಹೊತ್ತನ್ನು ಮೊದಲೇ ವಿಚಾರಿಸಿಕೊಳ್ಳಿ. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಅಂಗಡಿ, ಚರ್ಚು ಬಹಳಷ್ಟು ಮುಚ್ಚಿರುತ್ತವೆ. ಆ ಹೊತ್ತಿಗೆ ಊರಿನ ಬಾಗಿಲ ಬಳಿಯ ಯುದ್ಧಕಾಲದ ಮ್ಯೂಸಿಯಂಗೆ ಹೋಗಿ. ಎರಡನೇ ಮಹಾಯುದ್ಧದಲ್ಲಿ ಬಾಂಬಿಗೆ ಹೆದರಿ ಜನ ಬಂಡೆ ಕೊರೆದು ಮಾಡಿಕೊಂಡ ಆಸರೆಯ ಗುಹೆಗಳು ಅದರ ಕೆಳಗಿವೆ. ಪಕ್ಕದಲ್ಲೇ ಹಡಗುಕಟ್ಟೆ ಇದ್ದುದರಿಂದ ಈ ಮೂರು ಊರುಗಳ ಮೇಲೆ ಬಿದ್ದ ಪೆಟ್ಟು ಭೀಕರವಾದದ್ದು. ಒಳಗೆ ತಣ್ಣಗಿದೆ, ತಲೆ ತಗ್ಗಿಸಿ ನಡೆಯಬೇಕು, ಅಮ್ಮ ಮೇಲೆಯೇ ಕುಳಿತರು. ದಡದಲ್ಲಿ 1979ರ ಮಾರ್ಚ್ 31ರಂದು ಬ್ರಿಟಿಷ್ ಸೇನೆ ಹೊರಟುಹೋದ ನೆನಪಿನ ಶಿಲ್ಪವಿದೆ. ನಮ್ಮವರೂ ಈ ದ್ವೀಪಕ್ಕೆ ಬಂದಿದ್ದರು. 1878ರಲ್ಲಿ ರಷ್ಯಾಕ್ಕೆ ಎಚ್ಚರಿಕೆ ಕೊಡಲು ಬ್ರಿಟಿಷರು ಭಾರತದಿಂದ ಸುಮಾರು 7,000 ಸೈನಿಕರನ್ನು ಹಡಗಿನಲ್ಲಿ ತಂದು ಇಲ್ಲಿ ಇಳಿಸಿದ್ದರು.

ವಲೆಟ್ಟಾಗೆ ಹೋದ ದಿನ ಸಂತ ಜಾನರ ಕೋ-ಕೆಥೆಡ್ರಲ್ ತಪ್ಪಿಸಬೇಡಿ. ಅಲ್ಲಿ ಇಟಲಿಯ ಚಿತ್ರಕಾರ ಕಾರವಾಜ್ಜೊ 1608ರಲ್ಲಿ ಬರೆದ ಸಂತ ಜಾನರ ಶಿರಚ್ಛೇದದ ದೊಡ್ಡ ಚಿತ್ರವಿದೆ. ಚಿತ್ರದ ಕೆಳಗೆ ಚೆಲ್ಲಿದ ರಕ್ತದಲ್ಲೇ ಅವನು ಸಹಿ ಎಳೆದಿದ್ದಾನೆ, ಅವನು ಸಹಿ ಹಾಕಿದ ಚಿತ್ರ ಅದೊಂದೇ. ಅದೇ ವರ್ಷ ಹೊಡೆದಾಟವೊಂದರಲ್ಲಿ ಸಿಕ್ಕಿಬಿದ್ದು ಸೇಂಟ್ ಆಂಜೆಲೊ ಕೋಟೆಯಲ್ಲಿ ಸೆರೆಯಾದ, ಅಲ್ಲಿಂದ ತಪ್ಪಿಸಿಕೊಂಡು ಸಿಸಿಲಿಗೆ ಓಡಿಹೋದ. ಕೋಟೆ ನೋಡಿದ ಮರುದಿನ ಈ ಚಿತ್ರ ನೋಡಿ, ಆ ಸಹಿಯ ಮುಂದೆ ಹೆಚ್ಚು ಹೊತ್ತು ನಿಲ್ಲುತ್ತೀರಿ.

ತಂಗುವ ಜಾಗದ ವಿಷಯದಲ್ಲಿ ನಮಗೆ ಪೆಟ್ಟು ಬಿತ್ತು. "ಕೆಲವೇ ಮೆಟ್ಟಿಲು" ಎಂದು ಬರೆದಿದ್ದ ಮನೆಗೆ ಹೋದರೆ ಮೂರು ಮಹಡಿ, ಗೋಡೆಗೆ ಭುಜ ತಾಗುವ ಸುರುಳಿ ಮೆಟ್ಟಿಲು. ಅಮ್ಮ ದಿನಕ್ಕೆ ಒಂದೇ ಸಲ ಇಳಿದು ಹತ್ತುವ ಹಾಗಾಯಿತು. ಮಾಲ್ಟಾದ ಹಳೆ ಮನೆಗಳೆಲ್ಲ ಹೀಗೇ, ಕಿರಿದಾಗಿ ಎತ್ತರಕ್ಕೆ ಬೆಳೆದವು. ಬುಕ್ ಮಾಡುವ ಮೊದಲು ಎಷ್ಟು ಮೆಟ್ಟಿಲು, ಹಿಡಿದುಕೊಳ್ಳಲು ಕಂಬಿ ಇದೆಯೇ ಎಂದು ಬರಹದಲ್ಲಿ ಕೇಳಿ ಉತ್ತರ ಇಟ್ಟುಕೊಳ್ಳಿ. ಗಲ್ಲಿಗಳೂ ಮೆಟ್ಟಿಲು ಮೆಟ್ಟಿಲು. ಚಕ್ರದ ಸೂಟ್‌ಕೇಸಿಗಿಂತ ಬೆನ್ನಿಗೆ ಹಾಕುವ ಚೀಲ ವಾಸಿ. ಆ ಕಲ್ಲು ಸವೆದು ನುಣುಪಾಗಿದೆ, ಮಳೆ ಹನಿದರೆ ಜಾರುತ್ತದೆ, ಹಿಡಿತವಿರುವ ಬೂಟು ಇರಲಿ.

ಊಟಕ್ಕೆ ಸಸ್ಯಾಹಾರಿಗಳು ಉಪವಾಸ ಬೀಳಬೇಕಿಲ್ಲ. ಪಾಸ್ತಿತ್ಸಿ ಎನ್ನುವ ಪದರ ಪದರದ ಬಿಸಿ ತಿಂಡಿ ಬೀದಿ ಬೀದಿಯಲ್ಲಿ ಸಿಗುತ್ತದೆ, ಒಳಗೆ ರಿಕೊಟ್ಟಾ ಎನ್ನುವ ಮೆತ್ತನೆಯ ಚೀಸ್ ಇಲ್ಲವೇ ಬಟಾಣಿ. ಹಿಟ್ಟಿಗೆ ಪ್ರಾಣಿಕೊಬ್ಬು ಹಾಕುವ ರೂಢಿ ಹಳೆಯದು, ಕಟ್ಟುನಿಟ್ಟಿನವರು ಕೇಳಿಯೇ ತೆಗೆದುಕೊಳ್ಳಿ. ಬಿಗಿಲ್ಲಾ ಎನ್ನುವುದು ಕಾಳು ಅರೆದು ಬೆಳ್ಳುಳ್ಳಿ, ಎಣ್ಣೆ ಸೇರಿಸಿದ್ದು, ಅಮ್ಮನಿಗೆ ಹಿಡಿಸಿದ್ದು ಅದೇ. ಬ್ರೆಡ್ಡಿನ ತಿಂಡಿಗಳಲ್ಲಿ ಟ್ಯೂನಾ ಮೀನು ಸಾಮಾನ್ಯ, "ಟ್ಯೂನಾ ಬೇಡ" ಎಂದು ಮೊದಲೇ ಹೇಳಿ. ಅವಲಕ್ಕಿ, ಚಟ್ನಿಪುಡಿ ಒಯ್ಯಿರಿ. ತುಪ್ಪ, ಪೇಡಾ ಒಯ್ಯಬೇಡಿ, ಹೊರಗಿನಿಂದ ಹಾಲಿನ ಪದಾರ್ಥ ತರಲು ಯುರೋಪಿಯನ್ ಒಕ್ಕೂಟದಲ್ಲಿ ನಿಷೇಧವಿದೆ. ನಲ್ಲಿ ನೀರು ಕುಡಿಯಬಹುದು, ಆದರೆ ಹೆಚ್ಚಿನಂಶ ಸಮುದ್ರದ ನೀರನ್ನು ಸಿಹಿ ಮಾಡಿದ್ದು, ರುಚಿ ಒಗ್ಗುವುದಿಲ್ಲ.

ಷೆಂಗೆನ್ ವೀಸಾ ಬೇಕು, ಶುಲ್ಕ 90 ಯೂರೋ, ಕನಿಷ್ಠ 30,000 ಯೂರೋ ಮೊತ್ತದ ವಿಮೆ ಕಡ್ಡಾಯ. ಆರು ತಿಂಗಳ ಮೊದಲಿನಿಂದಲೇ ಅರ್ಜಿ ಹಾಕಬಹುದು, ಕೊನೆಯ ಹದಿನೈದು ದಿನಕ್ಕೆ ಉಳಿಸಿಕೊಳ್ಳಬೇಡಿ. ಪ್ಲಗ್ಗು ಬ್ರಿಟನ್ನಿನ ಚಪ್ಪಟೆ ಮೂರು ಕಡ್ಡಿಯದು, ಯುರೋಪಿನ ದುಂಡು ಕಡ್ಡಿಯದಲ್ಲ. ಇಂಗ್ಲಿಷ್ ಎಲ್ಲೆಡೆ ನಡೆಯುತ್ತದೆ. ಜುಲೈ-ಆಗಸ್ಟ್‌ನಲ್ಲಿ ಆ ಕಲ್ಲು ಕಾದ ಹೆಂಚಾಗುತ್ತದೆ. ನಾವು ಏಪ್ರಿಲ್ ಕೊನೆಗೆ ಹೋಗಿದ್ದೆವು. ಅಕ್ಟೋಬರ್ ಕೂಡ ಒಳ್ಳೆಯದು, ಆಗ ಒಂದು ರಾತ್ರಿ ಬಿರ್ಗುವಿನ ದೀಪ ಆರಿಸಿ ಊರಿಡೀ ಮೇಣದಬತ್ತಿ ಹಚ್ಚುತ್ತಾರೆ.

ಕೊನೆಯ ಸಂಜೆಯನ್ನು ಸೆಂಗ್ಲಿಯಾದ ತುದಿಯ ಗಾರ್ಡ್ಯೋಲಾ ತೋಟಕ್ಕೆ ಇಟ್ಟುಕೊಳ್ಳಿ. ಬಿರ್ಗುವಿನಿಂದ ಕೊಲ್ಲಿಯ ದಡ ಸುತ್ತಿ, ಬೋರ್ಮ್ಲಾ ದಾಟಿ, ಮೆಲ್ಲಗೆ ಅರ್ಧ ಗಂಟೆಯ ನಡಿಗೆ. ಅಲ್ಲಿ ನೀರಿನ ಮೇಲೆ ಚಾಚಿದ ಕಾವಲು ಗೂಡಿನ ಗೋಡೆಯಲ್ಲಿ ಒಂದು ಕಣ್ಣು, ಒಂದು ಕಿವಿ ಕೆತ್ತಿದ್ದಾರೆ. ಅಮ್ಮ ಬೆಂಚಿನಲ್ಲಿ ಕುಳಿತು ಕಿವಿಯನ್ನೇ ನೋಡುತ್ತಿದ್ದರು. ಎದುರಿಗೆ ಸೇಂಟ್ ಆಂಜೆಲೊದ ದೀಪಗಳು ಹತ್ತಿದವು, ಒಂದು ಧೈಸಾ ಕೊಲ್ಲಿಯೊಳಗೆ ತಿರುಗಿತು. ವಾಪಸು ನಡೆಯಲು ಕಾಲು ಒಪ್ಪದಿದ್ದರೆ 1ನೇ ನಂಬರಿನ ಬಸ್ಸು ಹತ್ತಿ ಬೋರ್ಮ್ಲಾದಲ್ಲಿ ಇಳಿಯಿರಿ, ಅಲ್ಲಿಂದ ಬಿರ್ಗುವಿನ ಬಾಗಿಲು ಹತ್ತು ನಿಮಿಷ.